ಅಟ್ಟದ ಮೇಲಿನ ಟೂ ಇನ್ ಒನ್‌ಗಳ ಒಡೆಯರಿಗೆ ಒಂದು ಬಹಿರಂಗ ಪತ್ರ

ಕೊಚ್ಚಿ, ತಿರುವನಂತಪುರಗಳಲ್ಲಿ ಮನೆ ಮಾಡಿಕೊಂಡಿರುವ ಕನ್ನಡದ ಅಕ್ಕಂದಿರೇ, ಅಣ್ಣಂದಿರೇ,

ಜೂನ್ 1ರ ಆಸುಪಾಸಿಗೆ ಇಡವಪಾತಿ, ಅಂದರೆ ಮುಂಗಾರು ಮಳೆ, ಹಿಡಿಯುತ್ತದೆ. ಅದಕ್ಕೆ ಮುಂಚೆ, ಮೇ ತಿಂಗಳಲ್ಲಿ, ನಮ್ಮ ಮನೆಗಳಲ್ಲಿ ಅಟ್ಟ ಖಾಲಿ ಮಾಡುವ ಕೆಲಸ ನಡೆಯುತ್ತದೆ. ಹಳೆಯ ಪೇಪರು, ಒಡೆದ ಬಕೆಟ್ಟು, ಸುಟ್ಟುಹೋದ ಮಿಕ್ಸಿ ಎಲ್ಲ ಜಗಲಿಯಲ್ಲಿ ರಾಶಿ ಬೀಳುತ್ತವೆ, ಗೇಟಿನ ಹೊರಗೆ ಗುಜರಿ ಕೊಳ್ಳುವ ಆಕ್ರಿಯವನ ಗಾಡಿ ನಿಲ್ಲುತ್ತದೆ. ಆ ರಾಶಿಯಲ್ಲಿ ಎಷ್ಟೋ ಮನೆಗಳಲ್ಲಿ ಒಂದು ಟೂ ಇನ್ ಒನ್, ಅಂದರೆ ರೇಡಿಯೊ ಮತ್ತು ಕ್ಯಾಸೆಟ್ ರೆಕಾರ್ಡರ್ ಎರಡೂ ಇರುವ ಪೆಟ್ಟಿಗೆ, ಇರುತ್ತದೆ. ಏರಿಯಲ್ ಮುರಿದದ್ದು, ಕ್ಯಾಸೆಟ್ ಬಾಗಿಲು ಸಡಿಲವಾದದ್ದು, ಹಿಡಿಯ ಮೇಲೆ ಜೇಡರ ಬಲೆ ಕಟ್ಟಿದ್ದು. ಅದನ್ನು ತಕ್ಕಡಿಗೆ ಹಾಕುವ ಮೊದಲು ಈ ಪತ್ರವನ್ನು ಪೂರ್ತಿ ಓದಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ನೀವು ಕ್ಯಾಸೆಟ್ಟುಗಳನ್ನು ಎಸೆಯುವವರಲ್ಲ ಎಂದು ನನಗೆ ಗೊತ್ತು. ಅವು ಕಪಾಟಿನಲ್ಲಿ, ಸೀರೆಗಳ ನಡುವೆ, ಬಿಸ್ಕತ್ತಿನ ಡಬ್ಬದಲ್ಲಿ ಭದ್ರವಾಗಿವೆ. ಮೇಲೆ ನೀಲಿ ಶಾಯಿಯಲ್ಲಿ ‘ಅಪ್ಪ, ಊರಿನ ತಾಳಮದ್ದಳೆ’, ‘ಅಜ್ಜಿಯ ಶೋಭಾನೆ’, ‘ಪುಟ್ಟನ ಮಾತು’ ಎಂದು ಬರೆದಿದೆ. ಕ್ಯಾಸೆಟ್ಟನ್ನು ಚಿನ್ನದ ಹಾಗೆ ಇಟ್ಟುಕೊಂಡು, ಅದನ್ನು ರೆಕಾರ್ಡ್ ಮಾಡಿದ ಪೆಟ್ಟಿಗೆಯನ್ನು ಗುಜರಿಗೆ ಹಾಕುತ್ತೇವೆ. ಬೇಕಾದಾಗ ಹೊಸದೊಂದು ಪ್ಲೇಯರ್ ತರಿಸಿಕೊಂಡರಾಯಿತು ಎಂಬ ಧೈರ್ಯ. ಆ ಧೈರ್ಯ ನಿಜವಲ್ಲ. ಮನೆಯಲ್ಲೇ ರೆಕಾರ್ಡ್ ಮಾಡಿದ ಟೇಪಿನ ಮಟ್ಟಿಗೆ, ಯಾವ ಯಂತ್ರದಲ್ಲಿ ದನಿ ತುಂಬಿದಿರೋ ಅದೇ ಯಂತ್ರಕ್ಕೆ ಆ ದನಿ ಪೂರ್ತಿ ಸಿಗುತ್ತದೆ. ಬೇರೆ ಯಂತ್ರಕ್ಕೆ ಒಂದಷ್ಟು ಸಿಗುತ್ತದೆ, ಒಂದಷ್ಟು ಸಿಗುವುದಿಲ್ಲ.

ಯಾಕೆ ಎಂದು ಹೇಳುತ್ತೇನೆ. ಫಿಲಿಪ್ಸ್ ಕಂಪನಿಯ ಲೂ ಒಟೆನ್ಸ್ ಮತ್ತು ಅವರ ಜೊತೆಗಾರರು ಮಾಡಿದ ಈ ಕ್ಯಾಸೆಟ್ಟನ್ನು 1963ರಲ್ಲಿ ಬರ್ಲಿನ್‌ನ ರೇಡಿಯೊ ಪ್ರದರ್ಶನದಲ್ಲಿ ಮೊದಲು ತೋರಿಸಿದರು. ಅಂದಿನಿಂದ ಇಂದಿನವರೆಗೆ ಅದರ ಲೆಕ್ಕ ಬದಲಾಗಿಲ್ಲ. ಟೇಪಿನ ಅಗಲ 3.81 ಮಿಲಿಮೀಟರ್, ಓಟ ಸೆಕೆಂಡಿಗೆ 4.76 ಸೆಂಟಿಮೀಟರ್. ಇಷ್ಟು ನಿಧಾನ ಓಡುವ ಟೇಪಿನ ಮೇಲೆ 10,000 ಹರ್ಟ್ಸಿನ ಒಂದು ತೀಕ್ಷ್ಣ ಸ್ವರ ಬರೆದರೆ ಅದರ ಒಂದೊಂದು ಅಲೆಗೆ ಸಿಗುವ ಜಾಗ 5 ಮೈಕ್ರಾನಿಗಿಂತ ಕಡಿಮೆ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಎಂಬುದು ನೆನಪಿರಲಿ. ಅದನ್ನು ಓದುವ ಹೆಡ್ಡಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸೀಳು ಇದೆ. ಆ ಸೀಳು ಟೇಪಿಗೆ ಲಂಬವಾಗಿ ನೆಟ್ಟಗೆ ನಿಲ್ಲಬೇಕು. ಮೋನೊ ಪೆಟ್ಟಿಗೆಯಲ್ಲಿ ಅದು ಒಂದು ಡಿಗ್ರಿಯ ಐದನೇ ಒಂದು ಭಾಗದಷ್ಟು ಓರೆಯಾದರೂ ಸಾಕು, ಆ ಸ್ವರ ಹೆಚ್ಚುಕಡಿಮೆ ಪೂರ್ತಿ ಅಳಿಸಿಹೋಗುತ್ತದೆ.

ಈಗ ನಿಮ್ಮ ಮನೆಯ ಪೆಟ್ಟಿಗೆಯನ್ನು ಯೋಚಿಸಿ. ಗಲ್ಫಿನಿಂದ ಸೂಟ್‌ಕೇಸಿನ ಮೇಲೆ ಕುಳಿತು ಬಂದದ್ದು, ಬಸ್ಸಿನಲ್ಲಿ ಕುಲುಕಿದ್ದು, ಒಮ್ಮೆ ಟೀಪಾಯಿಯಿಂದ ಬಿದ್ದದ್ದು. ಅದರ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿಯೇ ಇದ್ದಿರುತ್ತದೆ. ಆ ಓರೆಯಲ್ಲೇ ಅಪ್ಪನ ಅರ್ಥಗಾರಿಕೆ ರೆಕಾರ್ಡ್ ಆಗಿದೆ. ಅದೇ ಓರೆಯಲ್ಲಿ ಓದಿದರೆ ಮಾತು ಸ್ಪಷ್ಟ. ನೆಟ್ಟಗಿರುವ ಹೊಸ ಯಂತ್ರಕ್ಕೆ ಹಾಕಿದರೆ ‘ಸ’ಕಾರ ‘ಶ’ಕಾರಗಳು ಮೆತ್ತಗಾಗುತ್ತವೆ, ತಾಳದ ಕಿಣಿಕಿಣಿ ಮಾಯವಾಗುತ್ತದೆ, ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಟೇಪು ಹಾಳಾಗಿದೆ ಎಂದು ನೀವು ಸುಮ್ಮನಾಗುತ್ತೀರಿ. ಟೇಪು ಹಾಳಾಗಿರುವುದಿಲ್ಲ.

ಆದ್ದರಿಂದ ನನ್ನ ಕೇಳಿಕೆ ಇಷ್ಟು: ಪೆಟ್ಟಿಗೆಯನ್ನು ಕೆಳಗಿಳಿಸಿ, ಶುಚಿಮಾಡಿ ನಡೆಸಿ, ಕೊನೆಗೊಮ್ಮೆಯಾದರೂ ಆ ಟೇಪುಗಳನ್ನು ಅದರಲ್ಲೇ ಕೇಳಿ. ಹೇಗೆ ಎಂಬುದನ್ನು ಮುಂದೆ ವಿವರವಾಗಿ ಬರೆಯುತ್ತೇನೆ.

ಅದಕ್ಕೆ ಮೊದಲು ಈ ಊರುಗಳ ಮಾತು ಸ್ವಲ್ಪ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಕಡೆಯ ಹುಡುಗರಿಗೆ ದೊಡ್ಡ ಸರಕಾರಿ ಕೆಲಸವೆಂದರೆ ತಿರುವನಂತಪುರವೆಂದಾಯಿತು. ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕುಳಿತು ಸೆಕ್ರೆಟೇರಿಯೆಟ್ಟಿನ ಕೆಲಸಕ್ಕೆ ಹೋದವರು ಅಲ್ಲೇ ಉಳಿದರು. ಕೊಚ್ಚಿಗೆ ಬಂದವರಲ್ಲಿ ಉಡುಪಿ ಹೋಟೆಲಿನವರಿದ್ದರು, ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ವರ್ಗಾವಣೆಯ ಮೇಲೆ ಬಂದು ಎರ್ನಾಕುಳಂನಲ್ಲೇ ಮನೆ ಕಟ್ಟಿದವರಿದ್ದರು. ಎಲ್ಲರೂ ಹೊರಗೆ ಮಲಯಾಳ, ಒಳಗೆ ಕನ್ನಡ ಅಥವಾ ತುಳು ಆಡಿಕೊಂಡು ಬದುಕಿದವರು. ಮಕ್ಕಳ ಕಿವಿಗೆ ಊರಿನ ಮಾತು ಬೀಳುವ ದಾರಿ ಬೇಕಿತ್ತು. ಆ ದಾರಿಯನ್ನು ಈ ಪೆಟ್ಟಿಗೆ ಒದಗಿಸಿತು.

ಕೇರಳದ ಮಟ್ಟಿಗೆ ಟೂ ಇನ್ ಒನ್ ಎಂದರೆ ಗಲ್ಫ್. ಎಪ್ಪತ್ತರ ದಶಕದಲ್ಲಿ ದುಬೈ, ಮಸ್ಕತ್, ದಮ್ಮಾಮ್‌ಗೆ ಹೋದವರು ರಜೆಗೆ ಬರುವಾಗ ಕೈಯಲ್ಲಿ ನ್ಯಾಷನಲ್ ಪ್ಯಾನಸೋನಿಕ್ಕೋ ಸಾನ್ಯೊವೋ ಶಾರ್ಪೋ ಇರಲೇಬೇಕಿತ್ತು. ಗಲ್ಫಿನಲ್ಲಿ ನೆಂಟರಿಲ್ಲದವರು ತಿರುವನಂತಪುರದ ಬೀಮಾಪಳ್ಳಿಯ ಹೊರದೇಶದ ಸಾಮಾನಿನ ಅಂಗಡಿಗಳಲ್ಲಿ ಹುಡುಕಿದರು. ಫೋರ್ಟ್ ಕೊಚ್ಚಿಯಲ್ಲಿ ಹುಟ್ಟಿದ ಗಾಯಕ ಯೇಸುದಾಸ್ ಅದರ ಬೆನ್ನಿಗೇ, 1980ರಲ್ಲಿ, ತಿರುವನಂತಪುರದಲ್ಲಿ ತರಂಗಿಣಿ ಎಂಬ ಕ್ಯಾಸೆಟ್ ಕಂಪನಿ ಶುರುಮಾಡಿದರು. ಮಲಯಾಳದ ಹಾಡುಗಳು ಮನೆಮನೆಗೆ ಕ್ಯಾಸೆಟ್ಟಾಗಿ ಬಂದವು. ಅಂಗಡಿಯಲ್ಲಿ ಕೊಂಡ ಆ ಕ್ಯಾಸೆಟ್ಟುಗಳ ಬಗ್ಗೆ ನನಗೆ ಚಿಂತೆಯಿಲ್ಲ. ಅವುಗಳ ಪ್ರತಿ ಸಾವಿರಾರು ಇವೆ. ನಿಮ್ಮ ಅಜ್ಜಿಯ ಶೋಭಾನೆಯ ಪ್ರತಿ ಜಗತ್ತಿನಲ್ಲಿ ಒಂದೇ.

ಆಗ ಎಷ್ಟೋ ಮನೆಗಳಲ್ಲಿ ಫೋನು ಇರಲಿಲ್ಲ. ಗಲ್ಫಿನಲ್ಲಿದ್ದ ಗಂಡನಿಗೆ ಹೆಂಡತಿ, ಮಗನಿಗೆ ತಾಯಿ, ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಕೇರಳದಲ್ಲಿ ಇದು ಮನೆಮಾತಾದ ಸಂಗತಿ. ನಮ್ಮ ಕನ್ನಡದ ಮನೆಗಳಲ್ಲೂ ಅಂಥ ಕ್ಯಾಸೆಟ್ಟುಗಳಿವೆ: ಅಡಿಗೆಮನೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡು ಮಾತಾಡಿದ್ದು, ಹಿಂದೆ ಒಗ್ಗರಣೆ ಸಿಡಿಯುವುದು, ಯಾರೋ ‘ಬೇಗ ಮುಗಿಸು, ಟೇಪು ಖಾಲಿಯಾಗುತ್ತದೆ’ ಎನ್ನುವುದು. ಕಾಗದವನ್ನಾದರೆ ಯಾವ ಬೆಳಕಿನಲ್ಲೂ ಓದಬಹುದು. ಈ ಕಾಗದಕ್ಕೆ ಯಂತ್ರವೇ ಕಣ್ಣು.

ಇನ್ನು ತಾಳಮದ್ದಳೆಯ ಟೇಪುಗಳು. ಕಾಸರಗೋಡು ಶೇಣಿ ಗೋಪಾಲಕೃಷ್ಣ ಭಟ್ಟರ ನೆಲ, ಬಲಿಪ ನಾರಾಯಣ ಭಾಗವತರ ನೆಲ. ಮಹಾನ್ ಕಲಾವಿದರ ದನಿ ಬೇರೆ ಬೇರೆ ಕಡೆ ಉಳಿದಿದೆ. ಆದರೆ ಊರ ಭಜನಾಮಂದಿರದಲ್ಲಿ ಹವ್ಯಾಸಕ್ಕೆ ಅರ್ಥ ಹೇಳಿದ ಹೆಡ್‌ಮಾಸ್ಟರು, ಪೋಸ್ಟ್‌ಮಾಸ್ಟರು, ಅಡಕೆ ತೋಟದ ಯಜಮಾನರು ಉಳಿದಿರುವುದು ರಜೆಗೆ ಊರಿಗೆ ಹೋದ ಅಳಿಯನೋ ಮಗನೋ ಚಾಪೆಯ ಅಂಚಿನಲ್ಲಿ ಇಟ್ಟ ಟೂ ಇನ್ ಒನ್‌ನಲ್ಲಿ ಮಾತ್ರ. ಅಂಥ ಒಂದು ಟೇಪನ್ನು ಪರಿಚಯದವರೊಬ್ಬರು ನನಗೆ ತಂದುಕೊಟ್ಟಿದ್ದರು, ವಾಲಿಮೋಕ್ಷದ ಪ್ರಸಂಗ. ಈ ಪೆಟ್ಟಿಗೆಗಳಲ್ಲಿ ದನಿಯ ಮಟ್ಟವನ್ನು ತಾನೇ ಹೆಚ್ಚು ಕಡಿಮೆ ಮಾಡಿಕೊಳ್ಳುವ ಏರ್ಪಾಡು ಇರುತ್ತದೆ. ಚೆಂಡೆಯ ಪೆಟ್ಟು ಬಿದ್ದ ಕೂಡಲೇ ಯಂತ್ರ ಹೆದರಿದಂತೆ ಕುಗ್ಗುತ್ತದೆ. ಅರ್ಥಧಾರಿಯ ಮೊದಲ ಎರಡು ಮಾತು ದೂರದಿಂದ ಬಂದಂತಿದ್ದು ನಂತರ ನಿಧಾನ ಮೇಲೇಳುತ್ತದೆ. ವಾಲಿ ಮಾತು ನಿಲ್ಲಿಸಿ ಉಸಿರು ಎಳೆದುಕೊಂಡಾಗ ಹೊರಗಿನ ಜೀರುಂಡೆ, ಯಾರದೋ ಕೆಮ್ಮು, ಎಲೆಯಡಿಕೆಯ ತಟ್ಟೆ ಸರಿಸಿದ ಸದ್ದು ಎಲ್ಲ ಒಮ್ಮೆಗೇ ಉಬ್ಬಿ ಬರುತ್ತವೆ. ನಾನು ಅದನ್ನು ಮೊದಲು ಈಚಿನ ಒಂದು ಅಗ್ಗದ ಪ್ಲೇಯರಿನಲ್ಲಿ ಹಾಕಿ ನೋಡಿದೆ. ಗೊಗ್ಗರು ದನಿ, ಅಷ್ಟೆ. ಅವರ ಮನೆಯ ಪೆಟ್ಟಿಗೆ ತಂದು ಶುಚಿಮಾಡಿ ಅದರಲ್ಲೇ ಹಾಕಿದಾಗ ಆ ಸಭೆ ಎದ್ದು ಕುಳಿತಿತು.

ಈಗ ಕೆಲಸಕ್ಕೆ ಬರೋಣ. ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿ. ಪೆಟ್ಟಿಗೆಯ ಬೆನ್ನು ಬಿಚ್ಚಿ ಸೆಲ್ಲಿನ ಗೂಡು ನೋಡಿ. ವರ್ಷಗಟ್ಟಲೆ ಒಳಗೇ ಉಳಿದ ದೊಡ್ಡ ಸೆಲ್ಲುಗಳು ಒಸರಿ, ಸ್ಪ್ರಿಂಗುಗಳ ಮೇಲೆ ಹಸಿರು ಬಿಳಿ ಪುಡಿ ಕಟ್ಟಿರುತ್ತದೆ. ಲಿಂಬೆಹುಳಿ ಹಚ್ಚಿ ತಿಕ್ಕಿ ಎಂದು ಹೇಳುವವರಿದ್ದಾರೆ. ಅದು ಆಲ್ಕಲೈನ್ ಸೆಲ್ಲಿನ ಒಸರಿಗೆ ಸರಿ. ಆ ಕಾಲದ ನಮ್ಮ ಸಾದಾ ಸೆಲ್ಲುಗಳು ಸತು ಮತ್ತು ಇದ್ದಿಲಿನವು, ಅವುಗಳ ಒಸರು ತಾನೇ ಹುಳಿ. ಅದಕ್ಕೆ ಅಡಿಗೆ ಸೋಡವನ್ನು ನಾಲ್ಕು ಹನಿ ನೀರಿನಲ್ಲಿ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಚ್ಚಬೇಕು. ನೀರು ಒಳಗಿನ ಬೋರ್ಡಿಗೆ ಇಳಿಯದಂತೆ ಪೆಟ್ಟಿಗೆಯನ್ನು ವಾಲಿಸಿ ಹಿಡಿಯಿರಿ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ತಗಡು ಮಿನುಗುವ ತನಕ ನಯವಾದ ಉಜ್ಜುಕಾಗದದಿಂದ ಮೆಲ್ಲಗೆ ತಿಕ್ಕಿ.

ಹೊರಗಿನ ಪ್ಲಾಸ್ಟಿಕ್ಕಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಬೆರೆಸಿದ ನೀರು, ಹಿಂಡಿದ ಬಟ್ಟೆ, ಅಷ್ಟು ಸಾಕು. ಸ್ಟೇಷನ್ನಿನ ಅಂಕಿಗಳಿರುವ ಪಾರದರ್ಶಕ ಪಟ್ಟಿಗೆ ಸ್ಪಿರಿಟ್ ತಾಗಿಸಬೇಡಿ. ಅದು ಸಣ್ಣ ಬಿರುಕು ಬಿಡುತ್ತದೆ, ಅಂಕಿ ಅಳಿಸಿಹೋಗುತ್ತದೆ. ಸ್ಪೀಕರಿನ ಜಾಲರಿಗೆ ಒಣ ಬ್ರಷ್ಷು. ಅದರ ಹಿಂದಿರುವ ಕಾಗದದ ಕೋನಿಗೆ ಬೆರಳು ತಾಗದಿರಲಿ.

ಮುಖ್ಯ ಕೆಲಸ ಕ್ಯಾಸೆಟ್ಟಿನ ಬಾಗಿಲೊಳಗೆ. ಇದಕ್ಕೆ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಅಂಗಡಿಯವರು ಐಪಿಎ ಎನ್ನುತ್ತಾರೆ. ಮೊಬೈಲ್ ರಿಪೇರಿಯವರು ಬೋರ್ಡು ತೊಳೆಯಲು ಇಟ್ಟುಕೊಂಡಿರುವುದು ಅದೇ. ಎರ್ನಾಕುಳಂನ ಪಳ್ಳಿಮುಕ್ಕಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಕೇಳಿ, ಬೆಂಗಳೂರಿಗೆ ಹೋಗುವವರಿದ್ದರೆ ಎಸ್‌ಪಿ ರಸ್ತೆಯಲ್ಲಿ ಹೇಳಿ ತರಿಸಿ. ಔಷಧಿ ಅಂಗಡಿಯ ಸ್ಪಿರಿಟ್ಟಿನಲ್ಲಿ ನೀರೋ ಇನ್ನೇನೋ ಬೆರೆತಿರುತ್ತದೆ, ಒಣಗಿದ ಮೇಲೆ ಪೊರೆ ಉಳಿಯುತ್ತದೆ. ಪೆಟ್ರೋಲ್, ಸೀಮೆಎಣ್ಣೆ, ಥಿನ್ನರ್ ಹತ್ತಿರವೂ ತರಬೇಡಿ, ಪ್ಲಾಸ್ಟಿಕ್ಕು ಕರಗುತ್ತದೆ.

ಬಾಗಿಲು ತೆರೆದು, ವಿದ್ಯುತ್ತು ಇಲ್ಲದೆಯೇ, ಪ್ಲೇ ಗುಂಡಿ ಒತ್ತಿ. ಹೊಳೆಯುವ ಹೆಡ್ಡು ಮುಂದೆ ಬರುತ್ತದೆ. ಅದರ ಪಕ್ಕದಲ್ಲಿ ಟೇಪು ಅಳಿಸುವ ಇನ್ನೊಂದು ಸಣ್ಣ ಹೆಡ್ಡು. ಬದಿಯಲ್ಲಿ ಸೂಜಿಯಂಥ ಉಕ್ಕಿನ ಕಡ್ಡಿ, ಅದಕ್ಕೆ ಒತ್ತಿ ನಿಲ್ಲುವ ಕಪ್ಪು ರಬ್ಬರಿನ ರೋಲರು. ಟೇಪಿನ ಓಟ ಇರುವುದು ಈ ಕಡ್ಡಿ ಮತ್ತು ರೋಲರಿನ ಹಿಡಿತದಲ್ಲಿ. ಇಯರ್ ಬಡ್ಡನ್ನು ಐಪಿಎಯಲ್ಲಿ ಅದ್ದಿ, ತೊಟ್ಟಿಕ್ಕದಂತೆ ಹಿಂಡಿ, ಹೆಡ್ಡಿನ ಮೇಲೆ ಟೇಪು ಓಡುವ ದಿಕ್ಕಿನಲ್ಲೇ ಒರೆಸಿ. ಬಡ್ಡು ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದೆ. ಅದು ಟೇಪಿನಿಂದ ಉದುರಿದ ಕಬ್ಬಿಣದ ಆಕ್ಸೈಡ್. ಬಡ್ಡು ಬೆಳ್ಳಗೆ ಬರುವ ತನಕ ಬದಲಿಸುತ್ತಾ ಒರೆಸಿ. ಉಕ್ಕಿನ ಕಡ್ಡಿಯ ಸುತ್ತ ಕಟ್ಟಿದ ಕಂದು ಉಂಗುರವನ್ನು ಪೂರ್ತಿ ತೆಗೆಯಬೇಕು, ಟೇಪು ಸುತ್ತಿಕೊಂಡು ಹರಿಯುವುದಕ್ಕೆ ಅದೂ ಒಂದು ಕಾರಣ. ರಬ್ಬರ್ ರೋಲರಿಗೆ ಮೊದಲು ಬರೀ ನೀರಿನ ಬಡ್ಡು, ಕೊಳೆ ಹೋಗದಿದ್ದರೆ ಮಾತ್ರ ಐಪಿಎ, ಕೂಡಲೇ ಒಣ ಬಡ್ಡು. ರೋಲರು ಗಾಜಿನಂತೆ ಹೊಳೆಯುತ್ತಿದ್ದರೆ, ಉಗುರಿಗೆ ಮೆತ್ತಗೆ ಸಿಗದಿದ್ದರೆ ಅದರ ಆಯುಸ್ಸು ಮುಗಿದಿದೆ, ಬದಲಿಸಬೇಕು.

ಒಂದು ಮಾತನ್ನು ಎರಡು ಸಲ ಹೇಳುತ್ತೇನೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ಒಂದು ಸ್ಕ್ರೂ ಕಾಣುತ್ತದೆ. ಅದನ್ನು ತಿರುಗಿಸಬೇಡಿ. ಹೆಡ್ಡಿನ ಓರೆ ಇರುವುದು ಅದರಲ್ಲಿ. ರಿಪೇರಿಗೆ ಕೊಟ್ಟರೆ ಮೊದಲು ಕೈ ಹೋಗುವುದು ಅಲ್ಲಿಗೇ. ಅಂಗಡಿಯ ಕ್ಯಾಸೆಟ್ಟೊಂದನ್ನು ಹಾಕಿ, ಚೆನ್ನಾಗಿ ಕೇಳುವ ತನಕ ತಿರುಗಿಸಿ, ‘ಹೆಡ್ ಸರಿಯಾಯಿತು’ ಎನ್ನುತ್ತಾರೆ. ಅಂಗಡಿಯ ಕ್ಯಾಸೆಟ್ಟಿಗೆ ಅದು ಸರಿಯಾಗಿರುತ್ತದೆ, ನಿಮ್ಮ ಅಪ್ಪನ ದನಿಗೆ ತಪ್ಪಿರುತ್ತದೆ. ಹಾಗಾಗಿ ‘ಚೇಟಾ, ಈ ಸ್ಕ್ರೂ ಮುಟ್ಟಬೇಡಿ’ ಎಂದು ಮೊದಲೇ ಹೇಳಿ, ಅದರ ಮೇಲೆ ಒಂದು ಚೂರು ಕಾಗದ ಅಂಟಿಸಿ ಕೊಡಿ. ಅದನ್ನು ತಿರುಗಿಸಬೇಡಿ. ಮನೆಯ ಟೇಪುಗಳೆಲ್ಲ ಬೇರೆಡೆಗೆ ಪ್ರತಿಯಾದ ಮೇಲೆ ಏನು ಬೇಕಾದರೂ ಮಾಡಬಹುದು. ಹಾಗೆಯೇ ಆಯಸ್ಕಾಂತದ ತುದಿಯ ಸ್ಕ್ರೂಡ್ರೈವರನ್ನು ಹೆಡ್ಡಿನ ಬಳಿ ಬಳಸಬಾರದು.

ಎಷ್ಟು ಶುಚಿಮಾಡಿದರೂ ಕ್ಯಾಸೆಟ್ ತಿರುಗದೆ ಒಳಗೆ ಮೋಟರು ಮಾತ್ರ ಗುಂಯ್ ಎನ್ನುತ್ತಿದ್ದರೆ ಬೆಲ್ಟು ಹೋಗಿದೆ. ತೃಪ್ಪೂಣಿತುರದಿಂದ ಬಂದ ಒಂದು ಪೆಟ್ಟಿಗೆಯನ್ನು ಬಿಚ್ಚಿದಾಗ ಬೆಲ್ಟು ಇದ್ದ ಜಾಗದಲ್ಲಿ ಡಾಮರು ಇತ್ತು. ಬೆಲ್ಟಿನ ರಬ್ಬರು ಕರಾವಳಿಯ ತೇವ ಹೀರಿ ಹೀರಿ, ಗಾಲಿಯ ತೋಡಿನಲ್ಲಿ ಕರಗಿ, ಕಪ್ಪು ಅಂಟಾಗಿ ಮೋಟರಿನ ತುದಿಯಿಂದ ಎಳೆಯೆಳೆಯಾಗಿ ಜೋತಾಡುತ್ತಿತ್ತು. ಬೋರ್ಡಿನ ಮೂಲೆಯಲ್ಲಿ ಹಲ್ಲಿಯ ಮೊಟ್ಟೆಯ ಎರಡು ಸಿಪ್ಪೆ. ಕೊಚ್ಚಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿನ ಹತ್ತಿರ ಮಳೆ ಬೀಳುತ್ತದೆ, ತಿರುವನಂತಪುರದಲ್ಲಿ ಮಳೆ ಅಷ್ಟಿಲ್ಲದಿದ್ದರೂ ಇಡವಪಾತಿಯ ಬೆನ್ನಿಗೆ ಹಿಂಗಾರಿನ ತುಲಾವರ್ಷವೂ ಬರುತ್ತದೆ. ಜೊತೆಗೆ ಕಡಲ ಉಪ್ಪುಗಾಳಿ. ಯಾವ ಕಡಲು ದಾಟಿ ಈ ಪೆಟ್ಟಿಗೆಗಳು ಬಂದವೋ ಅದರ ಗಾಳಿಯೇ ಇವನ್ನು ತಿನ್ನುತ್ತಿದೆ. ಆ ಅಂಟನ್ನು ಐಪಿಎ ಮತ್ತು ಬಡ್ಡಿನಿಂದ ಒಂದು ಚೂರೂ ಉಳಿಯದಂತೆ ತೆಗೆಯಬೇಕು, ತೋಡಿನಲ್ಲಿ ಗಂಟು ಉಳಿದರೆ ಹಾಡು ಅಲುಗಾಡುತ್ತದೆ. ಹೊಸ ಬೆಲ್ಟು ಗಾಲಿಗಳ ಸುತ್ತ ದಾರ ಸುತ್ತಿ ಅಳೆದ ಸುತ್ತಳತೆಗಿಂತ ಸ್ವಲ್ಪವೇ ಚಿಕ್ಕದಿರಲಿ. ತೀರ ಬಿಗಿಯಾದರೆ ಮೋಟರಿನ ಬೇರಿಂಗು ಸವೆಯುತ್ತದೆ. ಮನೆಯ ರಬ್ಬರ್ ಬ್ಯಾಂಡು ಹಾಕಬೇಡಿ, ಅದು ಒಂದೇ ವೇಗದಲ್ಲಿ ಎಳೆಯುವುದಿಲ್ಲ.

ಕೇರಳದ ಮನೆಗಳಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಕೀಚುಗುಟ್ಟುವ ಯಂತ್ರಕ್ಕೆ ಅದನ್ನೇ ಬಿಟ್ಟ ಪೆಟ್ಟಿಗೆಗಳನ್ನು ನೋಡಿದ್ದೇನೆ. ಅದು ಕ್ರಮೇಣ ಜಿಗುಟಾಗಿ ಧೂಳು ಹಿಡಿಯುತ್ತದೆ, ಇರುವೆ ಸಾಲು ಹಿಡಿಯುತ್ತದೆ. ಬೆಲ್ಟಿಗೆ, ರೋಲರಿಗೆ, ಗಾಲಿಗೆ ಯಾವ ಎಣ್ಣೆಯೂ ತಾಗಬಾರದು. ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಒಂದು ಹನಿಯನ್ನು ಸೂಜಿಯ ತುದಿಯಲ್ಲಿ ತೆಗೆದು, ಉಕ್ಕಿನ ಕಡ್ಡಿ ತಿರುಗುವ ಬೇರಿಂಗಿಗೆ, ಅದೂ ನಿಜವಾಗಿ ಒಣಗಿದ್ದರೆ ಮಾತ್ರ, ಹಾಕಬಹುದು.

ದನಿ ಏರಿಸುವಾಗ ಬರುವ ಕರಕರ ಸದ್ದಿಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಒಂದು ಚಿಮ್ಮು, ಆಮೇಲೆ ಗುಂಡಿಯನ್ನು ಹಿಂದೆ ಮುಂದೆ ತಿರುಗಿಸುವುದು. ಇದಕ್ಕಿಂತ ಕೀಟಲೆಯದು ರೆಕಾರ್ಡ್ ಸ್ವಿಚ್ಚು. ಬೋರ್ಡಿನ ಉದ್ದಕ್ಕೂ ಮಲಗಿರುವ ಆ ಸ್ವಿಚ್ಚಿನಲ್ಲಿ ಹಲವಾರು ಸಣ್ಣ ಸಂಪರ್ಕಗಳಿವೆ. ತುಕ್ಕು ಹಿಡಿದರೆ ಕೂಗು, ಶಿಳ್ಳೆ, ಒಂದು ಬದಿ ಮೌನ. ವಿದ್ಯುತ್ತು ತೆಗೆದು, ಕ್ಯಾಸೆಟ್ ಇಲ್ಲದೆ, ರೆಕಾರ್ಡ್ ಗುಂಡಿಯನ್ನು ಹತ್ತಾರು ಸಲ ಒತ್ತಿ ಬಿಟ್ಟರೆ ಸಂಪರ್ಕಗಳು ತಾವೇ ತಿಕ್ಕಿಕೊಂಡು ಸರಿಯಾಗುವುದುಂಟು. ಖಾಲಿ ಬಾಗಿಲಿನಲ್ಲಿ ಆ ಗುಂಡಿ ಕೆಳಗಿಳಿಯುವುದಿಲ್ಲ. ಒಳಗೆ ಹಿಂಬದಿಯ ಎಡಮೂಲೆಯಲ್ಲಿ ಒಂದು ಪುಟ್ಟ ನಾಲಗೆಯಿದೆ, ಅದನ್ನು ಬೆರಳಿನಿಂದ ಹಿಂದಕ್ಕೆ ಒತ್ತಿ ಹಿಡಿದರೆ ಇಳಿಯುತ್ತದೆ.

ಆ ನಾಲಗೆ ಇರುವುದೇ ನಿಮ್ಮ ಟೇಪನ್ನು ಕಾಯಲಿಕ್ಕೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪ್ಲಾಸ್ಟಿಕ್ ಚೂರುಗಳಿವೆ. ಕೇಳುವ ಬದಿ ನಿಮ್ಮ ಕಡೆಗಿದ್ದಾಗ ಎಡಗಡೆಯದು ಆ ಬದಿಯ ಕಾವಲು. ಅದನ್ನು ಮುರಿದರೆ ಮತ್ತೆ ಅದರ ಮೇಲೆ ರೆಕಾರ್ಡ್ ಆಗುವುದಿಲ್ಲ. ಮನೆಯ ಪ್ರತಿಯೊಂದು ಟೇಪಿನ ಎರಡೂ ಚೂರುಗಳನ್ನು, ಪೆಟ್ಟಿಗೆಗೆ ಕೈಹಚ್ಚುವ ಮೊದಲೇ, ಇವತ್ತೇ ಮುರಿದುಬಿಡಿ.

ಟೇಪುಗಳನ್ನೂ ಒಮ್ಮೆ ಬೆಳಕಿಗೆ ಹಿಡಿದು ನೋಡಿ. ಕಿಟಕಿಯೊಳಗೆ ಸುರುಳಿಯ ಅಂಚು ನುಣುಪಾಗಿ ಕಪ್ಪಗಿದ್ದರೆ ಕ್ಷೇಮ. ಬಿಳಿ ಬೂದಿಯಂಥದ್ದು ಕಂಡರೆ ಬೂಸ್ಟು. ಅಂಥದ್ದನ್ನು ಯಂತ್ರಕ್ಕೆ ಹಾಕಿದರೆ ಹೆಡ್ಡಿಗೆ ಹತ್ತಿ ಉಳಿದ ಟೇಪುಗಳಿಗೂ ದಾಟುತ್ತದೆ. ಬಿಸಿಲಿಗೆ ಇಡುವ ಮನಸ್ಸಾಗುತ್ತದೆ, ಬೇಡ, ಟೇಪು ಸೊಟ್ಟಗಾಗುತ್ತದೆ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಕೆಲವು ವಾರ ಮುಚ್ಚಿಟ್ಟು, ಬೂಸ್ಟು ಒಣಗಿದ ಮೇಲೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಹೊರಗಡೆ ಗಾಳಿಯಲ್ಲಿ, ಬೇರೊಂದು ಕೆಲಸಕ್ಕೆ ಬಾರದ ಪ್ಲೇಯರಿನಲ್ಲಿ ಮೆತ್ತನೆಯ ಬಟ್ಟೆ ತಾಗಿಸಿ ಸುತ್ತಬೇಕು. ಒಂದೇ ಒಂದು ಅಮೂಲ್ಯ ಟೇಪು ಹೀಗಾಗಿದ್ದರೆ ಅನುಭವಿಗಳ ಕೈಗೆ ಕೊಡುವುದೇ ಮೇಲು. ಸುರುಳಿಯ ಎದುರು ಟೇಪನ್ನು ಹೆಡ್ಡಿಗೆ ಒತ್ತುವ ಸಣ್ಣ ಉಣ್ಣೆಯ ತುಂಡು ಉದುರಿದ್ದರೂ ದನಿ ಮಂಕಾಗುತ್ತದೆ. ಆಗ ಐದು ಸ್ಕ್ರೂಗಳಿರುವ ಬೇರೆ ಖಾಲಿ ಕ್ಯಾಸೆಟ್ಟಿನ ಚಿಪ್ಪಿಗೆ ಸುರುಳಿಗಳನ್ನು ವರ್ಗಾಯಿಸಿದರೆ ಸಾಕು. 120 ನಿಮಿಷದ ಕ್ಯಾಸೆಟ್ಟುಗಳ ಬಗ್ಗೆ ವಿಶೇಷ ಎಚ್ಚರ ಬೇಕು. ಅವುಗಳ ಟೇಪು 60 ನಿಮಿಷದ್ದರ ಅರ್ಧದಷ್ಟು ತೆಳು. ಅವನ್ನು ಫಾಸ್ಟ್ ಫಾರ್ವರ್ಡ್ ಮಾಡಬೇಡಿ, ಪೆನ್ಸಿಲಿನಿಂದ ನಿಧಾನ ಸುತ್ತಿ.

ಎಲ್ಲ ಮುಗಿದ ಮೇಲೆ ಮೊದಲು ಹಾಕಬೇಕಾದದ್ದು ಹೋದರೆ ಹೋಯಿತು ಎನ್ನುವಂಥ ಒಂದು ಸಿನಿಮಾ ಹಾಡಿನ ಕ್ಯಾಸೆಟ್ಟು. ಅರ್ಧ ಗಂಟೆ ಎರಡೂ ಬದಿ ತೊಂದರೆಯಿಲ್ಲದೆ ಓಡಿದ ಮೇಲೆ ಮನೆಯ ಟೇಪು. ಆಗ ಮೊದಲ ಓಟದಲ್ಲೇ ಪ್ರತಿ ಮಾಡಿಕೊಳ್ಳಿ. ಇಯರ್‌ಫೋನಿನ ತೂತಿನಿಂದ ಒಂದು ತಂತಿ, ಕಂಪ್ಯೂಟರಿನ ಲೈನ್ ಇನ್‌ಗೆ ಇನ್ನೊಂದು ತುದಿ. ವೇವ್ ಫೈಲಾಗಿ ಉಳಿಸಿ, ಗರಗರ ಸದ್ದನ್ನು ಆಗಲೇ ಅಳಿಸಲು ಹೋಗಬೇಡಿ. ಮೊಬೈಲನ್ನು ಸ್ಪೀಕರಿನ ಮುಂದೆ ಹಿಡಿದು ರೆಕಾರ್ಡ್ ಮಾಡುವವರನ್ನು ಕಂಡಿದ್ದೇನೆ, ಅಷ್ಟು ಶ್ರಮ ಪಟ್ಟ ಮೇಲೆ ಅದು ಅನ್ಯಾಯ.

ರೇಡಿಯೊದ ಪಾಲನ್ನೂ ಮರೆಯಬೇಡಿ. ಎಫ್‌ಎಂ ಎಂದು ಬರೆದ ಬ್ಯಾಂಡು 1989ರಲ್ಲಿ ಆಕಾಶವಾಣಿಯ ಕೊಚ್ಚಿ ನಿಲಯ ಬರುವ ತನಕ ನಮಗೆ ಬರೀ ಸುಯ್ಯೆನ್ನುವ ಬ್ಯಾಂಡಾಗಿತ್ತು. ನಾವು ಕನ್ನಡ ಹುಡುಕಿದ್ದು ಮೀಡಿಯಂ ವೇವ್‌ನಲ್ಲಿ. ಹಗಲು ಸಿಗದ ಬೆಂಗಳೂರು, 612 ಕಿಲೊಹರ್ಟ್ಸ್, ಕತ್ತಲಾದ ಮೇಲೆ ಆಕಾಶದ ಮೇಲ್ಪದರದಿಂದ ಪ್ರತಿಫಲಿಸಿ ಎರ್ನಾಕುಳಂಗೆ ಇಳಿಯುತ್ತಿತ್ತು. ಊರಿಗೆ ಹೋದರೆ 1976ರಲ್ಲಿ ಶುರುವಾದ ಮಂಗಳೂರು ನಿಲಯ, 1089ರಲ್ಲಿ ಗಂಟೆಯಂತೆ ಸ್ಪಷ್ಟ. ಉದ್ದನೆಯ ಏರಿಯಲ್ಲಿಗೂ ಮೀಡಿಯಂ ವೇವ್‌ಗೂ ಸಂಬಂಧವಿಲ್ಲ. ಅದನ್ನು ಹಿಡಿಯುವುದು ಪೆಟ್ಟಿಗೆಯೊಳಗೆ ಅಡ್ಡ ಮಲಗಿರುವ ಕಪ್ಪು ಫೆರೈಟ್ ಕೋಲು. ಪೆಟ್ಟಿಗೆಯ ಮುಖವನ್ನು ನಿಲಯದ ದಿಕ್ಕಿಗೆ ತಿರುಗಿಸಿದಾಗ ದನಿ ಬಲವಾಗುತ್ತಿದ್ದುದು ಅದಕ್ಕೇ. ಆ ಕೋಲಿಗೆ ಸುತ್ತಿದ ತಂತಿ ಕೂದಲಿನಷ್ಟು ತೆಳು. ಧೂಳು ಹೊಡೆಯುವ ಉತ್ಸಾಹದಲ್ಲಿ ಬ್ರಷ್ಷು ಅಲ್ಲಿಗೆ ಹೋಗದಿರಲಿ, ಮೇಣ ಹಚ್ಚಿದ್ದನ್ನು ಕೀಳಬೇಡಿ. ಬೋರ್ಡಿನ ಮೇಲೆ ತಲೆ ಉಬ್ಬಿದ ಕೆಪಾಸಿಟರುಗಳಿದ್ದರೆ ಅದು ತಿಳಿದವರ ಕೆಲಸ. ಕಣ್ಣೂರಿನಲ್ಲಿ ಕೇರಳ ಸರಕಾರದ ಕೆಲ್ಟ್ರಾನ್‌ನವರೇ ಕೆಪಾಸಿಟರ್ ಮಾಡುತ್ತಾರೆ, ಬಿಡಿಭಾಗ ಸಿಗುವುದಿಲ್ಲ ಎಂಬ ಮಾತನ್ನು ನಂಬಬೇಡಿ.

ತಿರುವನಂತಪುರದ ಕೆಲವು ಮನೆಗಳಿಂದ ‘ಯಂತ್ರ ಸತ್ತಿದೆ, ಟೇಪು ಮಾತ್ರ ಕಳಿಸಲೇ’ ಎಂದು ಕೇಳುತ್ತಾರೆ. ಸತ್ತ ಯಂತ್ರವನ್ನೂ ಕಳಿಸಿ ಎಂದೇ ನನ್ನ ಉತ್ತರ. ಮೋಟರು ಸುಟ್ಟಿದ್ದರೂ ಹೆಡ್ಡಿನ ಓರೆಯ ಗುರುತು ಅದರಲ್ಲಿದೆ, ಹೊಸ ಮೋಟರನ್ನು ಕೂರಿಸಬಹುದು. ಇನ್ನೊಂದು ಕೋರಿಕೆಯೂ ಇದೆ. ಟೇಪು ಓಡುವಾಗ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಇದು ಯಾರು ದೊಡ್ಡಮ್ಮ?’ ‘ಮದ್ದಳೆ ಬಾರಿಸುತ್ತಿರುವುದು ಯಾರು ಭಾವ?’ ಎಂದು ಕೇಳಿ ಬರೆದಿಟ್ಟುಕೊಳ್ಳಿ. ದನಿ ಉಳಿದು ಹೆಸರು ಕಳೆದುಹೋದ ಟೇಪುಗಳು ಈಗಲೇ ಸಾಕಷ್ಟಿವೆ.

ಇತಿ, ಎರ್ನಾಕುಳಂನಿಂದ
ನಿಮ್ಮ ಊರಿನವನೇ ಒಬ್ಬ

ಮರೆತ ಮಾತು: ಸೌದಿಯಿಂದ ಬಂದ ಪೆಟ್ಟಿಗೆಗಳ ಬೆನ್ನಿನಲ್ಲಿ 110 ಮತ್ತು 220 ಎಂದು ಬರೆದ ಒಂದು ಸಣ್ಣ ಸ್ವಿಚ್ಚು ಇರುತ್ತದೆ. ಅಲ್ಲಿನ ಮನೆಗಳಲ್ಲಿ ಕಡಿಮೆ ವೋಲ್ಟಿನ ವಿದ್ಯುತ್ತು ಇತ್ತು. ಪ್ಲಗ್ಗು ಹಾಕುವ ಮುಂಚೆ ಅದು 220ರ ಕಡೆಗಿದೆಯೇ ಎಂದು ನೋಡಿ. ವಯರಿನ ಹೊದಿಕೆ ಬಿರುಕು ಬಿಟ್ಟಿದ್ದರೆ ಬದಲಿಸಿ. ಕೆಲಸ ಮುಗಿದ ಮೇಲೆ ಸೆಲ್ಲುಗಳನ್ನು ಹೊರಗೆ ತೆಗೆದಿಡಿ.